ಮಗಳ ಲಗ್ನಪತ್ರಿಕೆಯಲ್ಲಿ ಕ್ಸೇವಿಯರ್ ಗೌಡರು

...ಅಲ್ಲ, ಅವರು ಬಂದಿದ್ದು ಬೆಳಿಗ್ಗೆಯೇ ಇರಬೇಕು. ಕೈಯಲ್ಲಿ ಲಗ್ನಪತ್ರಿಕೆಯ ಪ್ರೂಫ್ ಇತ್ತು, ಅದು ಖಚಿತ. (ಕಾಫಿ ಕುಡಿದರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಕಾಫಿಯಿಲ್ಲ.)

ಬಂದವರು ಕ್ಸೇವಿಯರ್ ಗೌಡರು. ಹೌದು, ಸರಿಯಾಗಿಯೇ ಓದಿದಿರಿ. ಮಾರೇನಹಳ್ಳಿಯ ಹಳೇ ಒಕ್ಕಲು ಮನೆತನ, ಪ್ಲೈವುಡ್ ಅಂಗಡಿ, ಮನೆದೇವರು ಮುನೇಶ್ವರ. ಹೆಸರು ಮಾತ್ರ ಕ್ಸೇವಿಯರ್.

ಮಗಳ ಮದುವೆ ಗೊತ್ತಾಗಿದೆ. ಅನ್ನಪೂರ್ಣೇಶ್ವರಿ ನಗರದ ಬೀಗರಿಗೆ ಹುಡುಗಿ ಒಪ್ಪಿಗೆ, ಅವಳ ಅಪ್ಪನ ಹೆಸರೇ ಇರುಸುಮುರುಸು. ಕಾರ್ಡ್ ನೋಡಿ ನೆಂಟರು ಏನಂದುಕೊಂಡಾರು? ಕಾರ್ಡಿನ ಮಟ್ಟಿಗೆ 'ಸೇವಪ್ಪಗೌಡ' ಅಂತ ಹಾಕಿಸಿಬಿಡಿ ಎಂದರಂತೆ.

"ಸಾರ್, ಪೇಪರ್‌ಗೆ ಬರೀತೀರಲ್ಲ, ಇದರ ಅರ್ಥ ಏನು ನೋಡಿ ಹೇಳಿ," ಎಂದರು ಗೌಡರು. "ಕೆಟ್ಟದ್ದೇನಾದ್ರೂ ಇದ್ರೆ ತೆಗೆಸಿಬಿಡ್ತೀನಿ."

ನೋಡಿದೆ. ಸ್ಪೇನ್ ದೇಶದ ಒಂದು ಊರಿನ ಹೆಸರದು. ಅಲ್ಲಿಯ ಬಾಸ್ಕ್ ಭಾಷೆಯಲ್ಲಿ 'ಹೊಸ ಮನೆ' ಎಂದರ್ಥವಂತೆ. ಊರಿನ ಹೆಸರು ಸರ್‌ನೇಮ್ ಆಯಿತು. ಆ ಊರಿನಲ್ಲಿ ಹುಟ್ಟಿದ ಒಬ್ಬರು ಗೋವೆಗೆ ಬಂದರು, ಮುಂದೆ ಸಂತರಾದರು. ಭಕ್ತರು ಆ ಸರ್‌ನೇಮನ್ನೇ ಮಕ್ಕಳಿಗೆ ಹೆಸರಾಗಿ ಇಟ್ಟರು. ನಮ್ಮಲ್ಲಿ ಅಪ್ಪನ ಹೆಸರು ಮಕ್ಕಳಿಗೆ ಇನಿಷಿಯಲ್ ತಾನೆ? ಹಾಗಾಗಿ ಗೌಡರ ಮಗಳು ಎಕ್ಸ್. ಭವ್ಯಾ. ಒಂದಿಡೀ ಊರು ಸವೆದು ಸವೆದು ಒಂದಕ್ಷರವಾಗಿದೆ.

ಊರಿನ ಹೆಸರಾದರೆ ತೊಂದರೆಯೇನು, ನಮ್ಮವರೂ ಹೆಸರಿನ ಜೊತೆ ಊರು ಹಾಕಿಕೊಳ್ಳುವುದಿಲ್ಲವೇ ಎಂದು ಗೌಡರು ಅಲ್ಲಿಂದಲೇ ಬೀಗರಿಗೆ ಫೋನ್ ಮಾಡಿದರು. ಬೀಗರು ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. ಸರಿ, ಅದನ್ನು ನಿಮಗೆ ಯಾಕೆ ಇಟ್ಟರು?

ಗೌಡರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. ತೀರಿಹೋದ ಅವರಮ್ಮ ಒಮ್ಮೆ ಹೆರಿಗೆ ಮಾಡಿಸಿದ ನರ್ಸಮ್ಮ ಇಟ್ಟ ಹೆಸರು ಅನ್ನುತ್ತಿದ್ದರಂತೆ. ಇನ್ನೊಮ್ಮೆ, ಚರ್ಚಿಗೆ ಹೊತ್ತ ಹರಕೆ ಅನ್ನುತ್ತಿದ್ದರಂತೆ. ಎರಡರಲ್ಲಿ ಚೆಂದದ್ದನ್ನು ಹೇಳಿಬಿಡಿ ಎಂದು ನಾನು ಸನ್ನೆ ಮಾಡಿದೆ (ಬರೆಯುವವರ ಚಾಳಿ). ಅವರು ಹೇಳಲಿಲ್ಲ. ಸೇವಪ್ಪ ಅಂತಲೇ ಹಾಕಿಸುತ್ತೇನೆ ಎಂದು ಎದ್ದರು.

ತಡೆದದ್ದು ಭವ್ಯಾ. ಸಂಜೆ ಪ್ರೂಫ್ ತಿದ್ದಲು ಕೂತ ಅಪ್ಪನಿಗೆ ಹೇಳಿದಳಂತೆ: "ಅಪ್ಪಾ, ಸ್ಕೂಲಿಂದ ಈ ಎಕ್ಸ್ ಇಟ್ಕೊಂಡು ಎಲ್ಲರ ಹತ್ರ ಗೇಲಿ ಮಾಡಿಸ್ಕೊಂಡಿದೀನಿ. ಆಗೆಲ್ಲ ತಡ್ಕೊಂಡು ಈಗ ಸೇವಪ್ಪನ ಮಗಳು ಅಂತ ಮದುವೆ ಆಗ್ಬೇಕಾ? ಅವರಿಗೆ ಬೇಡ ಅಂದ್ರೆ ಬಿಡ್ಲಿ."

ಮೊನ್ನೆ ಕಾರ್ಡ್ ಬಂತು. ಕ್ಸೇವಿಯರ್ ಗೌಡ ಎಂದೇ ಇದೆ. ಬೀಗರು ತಾವೇ ಒಪ್ಪಿದರೋ, ಹುಡುಗ ಒಪ್ಪಿಸಿದನೋ, ನಾನು ಕೇಳಲಿಲ್ಲ.

ಅರ್ಥ ಸಿಕ್ಕಿತು, ಊರು ಸಿಕ್ಕಿತು. ಮಾರೇನಹಳ್ಳಿಯ ಒಬ್ಬ ತಾಯಿ ತನ್ನ ಮಗನನ್ನು ಯಾಕೆ ಹಾಗೆ ಕರೆದಳು ಎಂಬುದು ನನಗೆ ಗೊತ್ತಿಲ್ಲ, ಆ ಮಗನಿಗೂ ಗೊತ್ತಿಲ್ಲ.