ಮೂವತ್ತಕ್ಕೆ ಮತ್ತೆ ಕಾಲೇಜು

ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ದುಡಿದು, ಅಲ್ಲಿನ ಘಾಟಿಗೆ ನನ್ನ ಎದೆ ಕೆಟ್ಟಿತ್ತು. ಆ ಕೆಲಸ ಬಿಡಲೇಬೇಕು ಅಂದಿದ್ದರು ಡಾಕ್ಟರು. ಮಾಸ್ತರನಾಗೋಣ ಅಂತ ಮೂವತ್ತನೆಯ ವಯಸ್ಸಿಗೆ ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ.ಗೆ ಸೀಟು ಕೇಳಿದೆ.

ನನ್ನ ಪಿಯುಸಿ ಅಂಕ ನೋಡಿ ಪ್ರಿನ್ಸಿಪಾಲರ ಮುಖ ಗಂಟಾಯಿತು.

"ಇಂಗ್ಲಿಷಿನ್ಯಾಗ ಎರಡ ಸಲ ನಪಾಸಾಗೀರಿ. ಈಗ ಬಿ.ಎ. ಹೆಂಗ ಮುಗಸ್ತೀರಿ?"

ಕೆಮ್ಮು ಒತ್ತಿ ಬಂತು. ಇಲ್ಲಿ ಕೆಮ್ಮಿದರೆ ಕತೆ ಮುಗೀತು ಅಂತ ತಡೆದುಕೊಂಡು ಹೇಳಿದೆ:

"ಆವಾಗ ನಮ್ಮಪ್ಪ ಕಳಿಸಿದ್ದನ್ರಿ ಸರ್. ಈಗ ನಾನಾಗೇ ಬಂದೀನಿ."

ಅವರು ನನ್ನ ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಮೊದಲ ದಿನ ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ಎದ್ದು ನಿಂತು, "ನಮಸ್ಕಾರ್ರಿ ಸರ್" ಅಂದರು. "ಕೂಡ್ರಿ" ಅಂದವನೇ ಕೊನೆಯ ಬೆಂಚಿಗೆ ಹೋಗಿ ಕೂತೆ. ಓದುವ ಮೊದಲೇ ಮಾಸ್ತರನಾದವನು ಆ ಕಾಲೇಜಿನಲ್ಲಿ ನಾನೊಬ್ಬನೇ ಇರಬೇಕು.