ಟಿವಿ ನೋಡದ ಇಂದ್ರವ್ವ

ಸಂಜೆ ಏಳೂವರೆಗೆ ಇಂದ್ರವ್ವ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆಯ ಗೂಡಿನಲ್ಲಿ ದೀಪ ಹಚ್ಚಿ ಲಿಂಗಪೂಜೆಗೆ ಕೂಡುತ್ತಿದ್ದಳು. ಜ್ವರ ಬಂದರೂ ಒಂದು ದಿನ ತಪ್ಪಿಸಲಿಲ್ಲ. ಮಗನ ಲಗ್ನದ ದಿನ ಬೀಗರನ್ನು ಊಟಕ್ಕೆ ಕಾಯಿಸಿ, ಅರ್ಧ ತಾಸು ಕೂತೇ ಎದ್ದವಳು. ಅದೇ ಏಳೂವರೆಗೆ ಪಕ್ಕದ ಶಂಕ್ರೆವ್ವನ ಮನೆಯಲ್ಲಿ ಧಾರಾವಾಹಿ ಶುರುವಾಗುತ್ತಿತ್ತು. ಎರಡೂ ಮನೆಗಳ ನಡುವೆ ಒಂದೇ ಗೋಡೆ; ಗೂಡು ತೆಗೆದ ಕಡೆ ಅದರ ದಪ್ಪವೂ ಅರ್ಧ. ಈ ಕಡೆ ಶಿವನಾಮ, ಆ ಕಡೆ ಅತ್ತೆ ಸೊಸೆಯ ಜಗಳ.

ಇಂದ್ರವ್ವನ ಮನೆಯಲ್ಲಿ ಟಿವಿ ಇರಲಿಲ್ಲ. ಪೂಜೆಯ ಹೊತ್ತಿನಲ್ಲಿ ಮನಸ್ಸು ಹರಿದಾಡುತ್ತದೆ ಎಂದು, ತರಲು ಹೊರಟಿದ್ದ ಮಗ ಮುರಗೆಪ್ಪನನ್ನು ಆಕೆಯೇ ತಡೆದಿದ್ದಳು. ಹೀಗಾಗಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಆ ಧಾರಾವಾಹಿಯ ಒಂದು ಮುಖವನ್ನೂ ನೋಡದವಳು ಅವಳೊಬ್ಬಳೇ. ಅದರ ಬಗ್ಗೆ ಎಲ್ಲರಿಗಿಂತ ಗಟ್ಟಿ ಅಭಿಪ್ರಾಯ ಇದ್ದವಳೂ ಅವಳೇ.

ಬೆಳಿಗ್ಗೆ ಆರಕ್ಕೆ ನಳ ಬರುತ್ತಿತ್ತು. ಕೊಡಗಳ ಪಾಳಿ ಹಚ್ಚಿ ನಾವು ಹಿಂದಿನ ಸಂಜೆಯ ಧಾರಾವಾಹಿಯನ್ನು ತಿರುಗಿ ನೋಡುತ್ತಿದ್ದೆವು.

"ಆ ಗಂಡ ನಿನ್ನಿ ಕಣ್ಣೀರ ಹಾಕಿದ್ದು ನೋಡಿ ನನಗ ಊಟ ಸೇರ್ಲಿಲ್ಲರಿ," ಎಂದು ಎದುರು ಮನೆಯ ರತ್ನಾಬಾಯಿ ಒಂದು ದಿನ ಹೇಳಿದಳು.

"ನೀ ಕಣ್ಣೀರ ನೋಡ್ದಿ," ಎಂದಳು ಇಂದ್ರವ್ವ. "ನಾ ಮೂಗ ಕೇಳ್ದೆ. ಖರೇನ ಅಳಾಂವಗ ಮೂಗ ಕಟ್ಟತೈತಿ. ಅವನ ಮೂಗ ಸ್ವಚ್ಛ ಇತ್ತು. ಆಂವ ಸುಳ್ಳ ಅದಾನ."

ಹದಿನೈದು ದಿನ ಕಳೆಯುವುದರೊಳಗೆ ಆ ಗಂಡನಿಗೆ ಇನ್ನೊಂದು ಸಂಸಾರ ಇರುವುದು ಹೊರಬಿತ್ತು. ಅಂದಿನಿಂದ ರತ್ನಾಬಾಯಿ ಟಿವಿಯಲ್ಲಿ ಯಾರಾದರೂ ಅತ್ತರೆ, ಇಂದ್ರವ್ವನನ್ನು ಕೇಳುವ ತನಕ ತನ್ನ ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ.

ಗೋಡೆಯಾಚೆಯಿಂದ ಧಾರಾವಾಹಿಯೊಂದೇ ಬರುತ್ತಿತ್ತೆ? ಆ ಮನೆಯವರ ಮಾತೂ ಬರುತ್ತಿತ್ತು. ಆದರೆ ಅದರ ಒಂದಕ್ಷರವನ್ನೂ ಇಂದ್ರವ್ವ ನಳದ ಹತ್ತಿರ ಆಡಿದವಳಲ್ಲ. "ಇನ್ನೊಬ್ಬರ ಮನಿ ಮಾತ ಹೊರಗ ಹಾಕಿದ್ರ, ಹಚ್ಚಿದ ವಿಭೂತಿ ಬರೇ ಬೂದಿ," ಎನ್ನುತ್ತಿದ್ದಳು. ಧಾರಾವಾಹಿಯವರಿಗೆ ಈ ನೇಮ ಅನ್ವಯಿಸುತ್ತಿರಲಿಲ್ಲ. ಅವರು ಪಗಾರ ತೆಗೆದುಕೊಂಡು ಜಗಳಾಡುವವರು.

ಶಂಕ್ರೆವ್ವನ ಸೊಸೆ ಸೌಂದರ್ಯಾ ತೇರದಾಳದ ಹುಡುಗಿ, ಪಿಯುಸಿ ಓದಿದವಳು. ೨೦೦೭ರ ಬೇಸಿಗೆಯಲ್ಲಿ ಅವಳು ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ನಮ್ಮ ಭಾಗಕ್ಕೆ ಇದ್ದದ್ದು ಒಂದೇ ಜಾಗ. ಸಂದರ್ಶನಕ್ಕೆ ಜಮಖಂಡಿಯಿಂದ ಕಾಗದ ಬರಬೇಕಾಗಿತ್ತು. ಎರಡು ತಿಂಗಳಿಂದ ಅವಳು ಅದನ್ನೇ ಕಾಯುತ್ತಿದ್ದಳು. ಕಾಗದ ತಪ್ಪಿದರೆ ಜಾಗವೂ ತಪ್ಪಿದಂತೆ.

ಶಂಕ್ರೆವ್ವನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಅವುಗಳ ಲಾಳಿಗೆ ಬೇಕಾದ ನೂಲಿನ ಕಂಡಿಕೆಯನ್ನೆಲ್ಲ ಸುತ್ತುತ್ತಿದ್ದವಳು ಸೌಂದರ್ಯಾ. ಸೊಸೆ ನೌಕರಿಗೆ ಹೋದರೆ ಆ ಕೆಲಸಕ್ಕೆ ಹೊರಗಿನವರನ್ನು ಕರೆಯಬೇಕು. ಆದರೂ ನಳದ ಹತ್ತಿರ ಯಾರಾದರೂ ಕೇಳಿದರೆ ಶಂಕ್ರೆವ್ವ ಬಳೆ ಗಲಗಲಿಸಿ, "ಕಾಗದ ಬರ್ಲಿ ಬಿಡ್ರೆವಾ, ನಾನ ಬಸ್ ಹತ್ತಿಸಿ ಬರ್ತೀನಿ," ಎನ್ನುತ್ತಿದ್ದಳು. ಆ ಬಳೆಯ ಸಪ್ಪಳಕ್ಕೆ ಇಂದ್ರವ್ವ ಸುಮ್ಮನೆ ತನ್ನ ಕೊಡದ ಬಾಯಿ ಒರೆಸುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಎಲ್ಲರೂ ನಳದ ಹತ್ತಿರ ಇದ್ದೆವು. ಶಂಕ್ರೆವ್ವನೂ ಇದ್ದಳು, ಪಾಳಿಯ ಕೊನೆಗೆ ಖಾಲಿ ಕೊಡ ಹಿಡಿದು ಸೌಂದರ್ಯಾಳೂ ಇದ್ದಳು.

"ಏನಂತೈತಿ ಯಕ್ಕಾ ನಿನ್ನ ಧಾರಾವಾಹಿ?" ಎಂದು ರತ್ನಾಬಾಯಿ ಕೆಣಕಿದಳು.

ಇಂದ್ರವ್ವ ಕೊಡವನ್ನು ನಳದ ಕೆಳಗಿಟ್ಟಳು. "ನಿನ್ನಿ ಆ ಅತ್ತಿ ಮಾಡಿದ್ದು ನನಗ ಒಟ್ಟ ಸೇರ್ಲಿಲ್ಲ ನೋಡು."

"ಏನ ಮಾಡಿದ್ಳು?"

"ಸೊಸಿಗಿ ನೌಕರಿ ಕಾಗದ ಬಂದೈತಿ. ತಂದು ಆಕಿ ಕೈಯಾಗ ಕೊಡಬೇಕೋ ಬ್ಯಾಡೋ? ಬೆಲ್ಲದ ಡಬ್ಬ್ಯಾಗ ಮುಚ್ಚಿಟ್ಟಾಳ. 'ಬೇಸ್ತವಾರ ದಾಟ್ಲಿ, ಆಮ್ಯಾಲ ಕೊಟ್ರಾತು' ಅಂತ ಮಗನ ಮುಂದ ಹೇಳಾಕತ್ತಿದ್ಳು."

"ಮಗ ಏನಂದ?"

"ಹೂಂ ಅಂದ. ಅತ್ತಿಕಿಂತ ನನಗ ಆ 'ಹೂಂ' ಸಿಟ್ಟ ತರಿಸ್ತು."

"ಥೂ ಅವನ, ಹಿಂತಾ ಗಂಡಗ ಒಂದ ಹೊತ್ತ ರೊಟ್ಟಿ ಬಡೀಬಾರದು..." ಎಂದು ಶುರುಮಾಡಿದ ರತ್ನಾಬಾಯಿ ನಡುವೆಯೇ ನಿಂತಳು. "ತಡಿ ಯಕ್ಕಾ. ನಿನ್ನಿ ಸಂಜಿಮುಂದ ಕರೆಂಟ ಎಲ್ಲಿತ್ತು? ಏಳಕ್ಕ ಹೋಗಿದ್ದು ಒಂಬತ್ತಕ್ಕ ಬಂತು. ಯಾರ ಮನ್ಯಾಗೂ ಟಿವಿ ಹತ್ತಿಲ್ಲ!"

"ಹೌದನು?" ಎಂದಳು ಇಂದ್ರವ್ವ. "ನಾ ಪೂಜಿಗಿ ಕುಂತಿದ್ದೆ ಬೇ. ದೀಪ ಇತ್ತು. ಕರೆಂಟಿನ ಸುದ್ದಿ ನನಗೇನ ಗೊತ್ತು?"

ಕೊಡ ತುಂಬಿ ಹರಿಯತೊಡಗಿತು. ಯಾರೂ ಅದನ್ನು ಸರಿಸಲಿಲ್ಲ. ಸೌಂದರ್ಯಾ ತನ್ನ ಖಾಲಿ ಕೊಡವನ್ನು ಕಟ್ಟೆಯ ಮೇಲಿಟ್ಟು ಮನೆಯ ಕಡೆ ನಡೆದಳು. ಓಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋದಳು.

ಶಂಕ್ರೆವ್ವ ಇಕ್ಕಟ್ಟಿನಲ್ಲಿ ಬಿದ್ದಳು. 'ಅದು ಧಾರಾವಾಹಿ ಅಲ್ಲ' ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ. 'ಧಾರಾವಾಹಿಯೇ' ಎಂದರೆ ಕರೆಂಟ್ ಇರಲಿಲ್ಲ. ಕೊನೆಗೆ, "ಮುಂಜಾನೆದ್ದು ಬರೇ ಟಿವಿ, ಬರೇ ಟಿವಿ! ಇವರಿಗಿ ಬ್ಯಾರೆ ಕೆಲಸನ ಇಲ್ಲ," ಎಂದು ತನ್ನ ಕೊಡ ಅಲ್ಲೇ ಬಿಟ್ಟು ಸೊಸೆಯ ಹಿಂದೆ ಓಡಿದಳು. ಅವಳ ಬಳೆಗಳು ಅಂದು ಸಪ್ಪಳ ಮಾಡಲಿಲ್ಲ, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಿದ್ದಳು.

ಕಾಗದ ಬೆಲ್ಲದ ಡಬ್ಬಿಯಲ್ಲೇ ಸಿಕ್ಕಿತು. ಒಂದು ಮೂಲೆ ಅಂಟಂಟಾಗಿ, ಅದಕ್ಕೆ ಇರುವೆ ಹತ್ತಿದ್ದವು. ಮರುದಿನ, ಬೇಸ್ತವಾರ, ಸೌಂದರ್ಯಾ ಸಂದರ್ಶನಕ್ಕೆ ಜಮಖಂಡಿಗೆ ಹೋದಳು. ಗಾಡಿಯ ಮೇಲೆ ಕರೆದುಕೊಂಡು ಹೋದವನು ಅವಳ ಗಂಡ ಸೋಮಲಿಂಗನೇ. ಕರೆದಾಗ ಅವನು 'ಹೂಂ' ಅಂದನಂತೆ. ಯಾರು ಏನು ಹೇಳಿದರೂ ಅವನದು ಅದೊಂದೇ ಉತ್ತರ. ಅಂದು ಮೊದಲ ಸಲ ಅದು ಹೆಂಡತಿಯ ಉಪಯೋಗಕ್ಕೆ ಬಂತು. ತಿಂಗಳೊಪ್ಪತ್ತಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಇಂದ್ರವ್ವ ಗೊತ್ತಿಲ್ಲದೆ ಅಂದಳೋ, ಗೊತ್ತಿದ್ದು ಅಂದಳೋ ಎಂದು ಓಣಿ ಬಹಳ ದಿನ ಚರ್ಚೆ ಮಾಡಿತು. ಚರ್ಚೆಗೆ ಅಂಥ ಅವಕಾಶವೇನೂ ಇರಲಿಲ್ಲ. ನಲವತ್ತು ವರ್ಷ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿದ ಕಿವಿ ಅವಳದು. ಕರೆಂಟ್ ಹೋದರೆ ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಲ್ಲುತ್ತವೆ. ಆ ಮೌನಕ್ಕೆ ಬನಹಟ್ಟಿಯಲ್ಲಿ ತೊಟ್ಟಿಲ ಕೂಸೂ ಎಚ್ಚರಾಗುತ್ತದೆ. ಮೇಲಾಗಿ ಧಾರಾವಾಹಿಯ ಅತ್ತೆ ಬೆಂಗಳೂರಿನ ಮಾತಿನವಳು. ಗುರುವಾರಕ್ಕೆ ಅವಳು ಯಾವತ್ತು 'ಬೇಸ್ತವಾರ' ಅಂದಿದ್ದಾಳೆ?

ನಾನು ಒಮ್ಮೆ ಕೇಳಿಯೇಬಿಟ್ಟೆ.

"ಮನಿ ಮಾತ ನಾ ಎಲ್ಲಿ ಹೊರಗ ಹಾಕೀನಿ?" ಎಂದಳು ಇಂದ್ರವ್ವ. "ಧಾರಾವಾಹಿ ಮಾತ ಆಡೀನಿ." ಹಾಗೆ ಹೇಳುವಾಗ ಅವಳ ಬೆರಳು ಹಣೆಯ ವಿಭೂತಿಯನ್ನು ಮುಟ್ಟಿ ನೋಡಿತು. ಆ ಬುಧವಾರ ಸಂಜೆ ಅವ್ವ ಅರ್ಧ ತಾಸಿನ ಬದಲು ಒಂದು ತಾಸು ಪೂಜೆಗೆ ಕೂತಿದ್ದಳು ಎಂದು ಮುರಗೆಪ್ಪ ಆಮೇಲೆ ಹೇಳಿದ. ಶಿವನಿಗೆ ಅವಳು ಏನು ವಿವರಣೆ ಕೊಟ್ಟಳೋ, ಅದು ಅವರಿಬ್ಬರ ಮನೆ ಮಾತು.

ಶಂಕ್ರೆವ್ವ ಎರಡು ತಿಂಗಳು ಮಾತು ಬಿಟ್ಟಳು. ತಮ್ಮ ಮನೆಯ ಮಾತು ಗೋಡೆ ದಾಟಬಾರದೆಂದು ಟಿವಿಯ ಸಪ್ಪಳವನ್ನು ದುಪ್ಪಟ್ಟು ಮಾಡಿದಳು. ಅದರಿಂದ ಇಂದ್ರವ್ವನಿಗೆ ಧಾರಾವಾಹಿ ಇನ್ನಷ್ಟು ಸ್ಪಷ್ಟವಾಗಿ ಕೇಳತೊಡಗಿ, ನಳದ ಹತ್ತಿರ ಅವಳ ಅಭಿಪ್ರಾಯಗಳು ಇನ್ನಷ್ಟು ಉದ್ದವಾದವು. ಶಂಕ್ರೆವ್ವನಿಗೆ ಕಿವಿ ನೋವು ಬಂತು.

ನಾಗರ ಪಂಚಮಿಗೆ ಶಂಕ್ರೆವ್ವ ತಾನಾಗಿಯೇ ತಟ್ಟೆಯಲ್ಲಿ ಶೇಂಗಾ ಉಂಡಿ ಹಿಡಿದು ಬಂದಳು. ಸೊಸೆಗೆ ಬಂದ ಪಗಾರದ ಮಾತು ತೆಗೆದು, ಅದು ತನ್ನದೇ ಯೋಚನೆಯಾಗಿತ್ತು ಎಂಬಂತೆ ಮೆಚ್ಚಿದಳು. ಆಮೇಲೆ ಗೂಡಿನ ಕಡೆ ಒಮ್ಮೆ ನೋಡಿದಳು.

"ಯಕ್ಕಾ, ವಯಸ್ಸಾದಾಕಿ, ಈ ಗ್ವಾಡಿಗಿ ಕುಂತು ಎಷ್ಟ ದಿನ ಕೇಳ್ತಿ? ಪೂಜಿ ಒಂದೀಟ ಲಗೂ ಮುಗಿಸಿ ದಿನಾ ನಮ್ಮ ಮನಿಗಿ ಬಾ. ಟಿವಿ ಮುಂದ ನಿನಗಂತನ ಒಂದ ಖುರ್ಚಿ ಹಾಕಿಸ್ತೀನಿ. ಚಾ ಕುಡಕೋತ ಆರಾಮ ನೋಡೀಯಂತ."

ಇಂದ್ರವ್ವ ಒಂದು ಉಂಡಿ ಎತ್ತಿಕೊಂಡು ಮುರಿದು ಬಾಯಿಗೆ ಹಾಕಿಕೊಂಡಳು.

"ಬೆಲ್ಲ ಛಲೋ ಐತಿ," ಎಂದಳು. "ಆದ್ರ ಖುರ್ಚಿ ಒಲ್ಲೆ ತಂಗಿ. ನೋಡಾಕ ಕುಂತ್ರ ಆ ಸೀರಿ, ಆ ಬಂಗಾರ ಕಂಡು ನನ್ನ ಅಭಿಪ್ರಾಯ ಕೆಡತಾವು. ನನಗ ಇಲ್ಲಿಂದನ ಛಲೋ ಕೇಳತೈತಿ."