ಕೆಳಗಿನ ತೆಳು ಗೆರೆ

ಭಾನುವಾರ ಬೆಳಿಗ್ಗೆ ಜಕ್ಕೂರಿನ ನನ್ನ ಬಾಡಿಗೆ ಮನೆಯಲ್ಲಿ ನಲ್ಲಿ ಉಜ್ಜುತ್ತಿದ್ದೆ. ಇಲ್ಲಿಯ ಬೋರ್‌ವೆಲ್ ನೀರಿನ ಬಿಳಿ ಕಲೆ ಸೋಪಿಗೆ ಜಗ್ಗುವುದಿಲ್ಲ, ವಿನಿಗರ್ ಬೇಕು. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ಹುಳಿ ವಾಸನೆ ನನ್ನನ್ನು ನಾನು ಪಿಎಚ್‌ಡಿ ಮಾಡಿದ ಹೆಬ್ಬಾಳದ ಕಡೆಯ ಹಳೆಯ ಲ್ಯಾಬಿಗೆ ಎಳೆದುಕೊಂಡು ಹೋಯಿತು. ವಿನಿಗರ್ ಎಂದರೆ ನಿಮಗೆ ಗೋಬಿ ಮಂಚೂರಿ ನೆನಪಾಗಬಹುದು. ನನಗೆ ನೆನಪಾಗುವುದು ಬಸಣ್ಣ.

ಬಸಣ್ಣ ನಮ್ಮ ಲ್ಯಾಬಿನ ಟೆಕ್ನಿಷಿಯನ್, ಗದಗದ ಕಡೆಯವರು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ತೆಳು ಜೆಲ್ಲಿಗೆ ನೀಲಿ ಬಣ್ಣ ಹಾಕಿ, ಹೆಚ್ಚಾದದ್ದನ್ನು ವಿನಿಗರಿನಲ್ಲಿರುವ ಆಮ್ಲದಿಂದಲೇ ತೊಳೆದರೆ, ಒಂದೊಂದು ಪ್ರೋಟೀನೂ ಒಂದೊಂದು ನೀಲಿ ಗೆರೆಯಾಗಿ ಉಳಿಯುತ್ತದೆ. ನಾವು ಫೋಟೊ ತೆಗೆದು ಜೆಲ್ ಎಸೆಯುತ್ತಿದ್ದೆವು. ಬಸಣ್ಣ ಅದನ್ನು ಎತ್ತಿಕೊಂಡು, ಎರಡು ಸೆಲೋಫೇನ್ ಹಾಳೆಗಳ ನಡುವೆ ಹಪ್ಪಳದಂತೆ ಒಣಗಿಸಿ, ತಾರೀಖು ಬರೆದು ಫೈಲಿನಲ್ಲಿಡುತ್ತಿದ್ದರು. ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡವಾ. ಫೋಟೋದಾಗ ನಿಮಗ ಬೇಕಾದ್ದಷ್ಟ ಇರತೈತಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ನಾನು ಸ್ವಲ್ಪ ಹೆಚ್ಚೇ. ಮಾತನಾಡುವುದಕ್ಕಿಂತ ನಗುವುದು ನನಗೆ ಸುಲಭ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಸಹಿಸಿಕೊಳ್ಳಿ. ಕೆಲವು ರೋಗಾಣುಗಳು ಸೂಜಿಯಂಥ ಒಂದು ಸಾಧನದಿಂದ ತಮ್ಮ ಪ್ರೋಟೀನುಗಳನ್ನು ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತವೆ. ಹೊರಡುವ ಪ್ರೋಟೀನು ಅದಕ್ಕೂ ಮೊದಲೇ ಮುದ್ದೆಯಾಗದಂತೆ ಹಿಡಿದುಕೊಂಡಿರುವ ಪುಟ್ಟ ಪ್ರೋಟೀನುಗಳಿಗೆ ಚಾಪರೋನ್ ಎಂದು ಹೆಸರು. ಅವು ಸೂಜಿಯೊಳಗೆ ಹೋಗುವುದಿಲ್ಲ, ಹಿಂದೆಯೇ ಉಳಿಯುತ್ತವೆ. ಏನನ್ನು ಹಿಡಿಯುತ್ತವೆ, ಯಾವ ಆಕಾರದಲ್ಲಿವೆ ಎಂಬುದರ ಮೇಲೆ ಅವನ್ನು ವರ್ಗ ಮಾಡುತ್ತಾರೆ. ಕೆಲವು ಒಂದೇ ಥರದ ಎರಡು ಸೇರಿ ಜೋಡಿಯಾಗುತ್ತವೆ, ಕೆಲವು ಬೇರೆ ಬೇರೆ ಎರಡು ಸೇರಿ. ನಾನು ಅಧ್ಯಯನ ಮಾಡುತ್ತಿದ್ದ ಚಾಪರೋನ್ ಮೊದಲ ಥರದ್ದು ಎಂದು ಎಲ್ಲರೂ ನಂಬಿದ್ದರು. ಹಾಗಿದ್ದರೆ ಜೆಲ್ಲಿನಲ್ಲಿ ಒಂದೇ ಗೆರೆ ಬರಬೇಕಿತ್ತು. ಆದರೆ ಅದರ ದಪ್ಪ ಗೆರೆಯ ಕೆಳಗೆ ಒಂದು ತೆಳು ಗೆರೆ ಪ್ರತಿ ಸಲವೂ ಬರುತ್ತಿತ್ತು.

"ಅದು ಅದೇ ಪ್ರೋಟೀನಿನ ಒಡೆದ ಚೂರು ಕಣಮ್ಮ. ಫೋಟೋನ ಅಲ್ಲಿಗೆ ಕಟ್ ಮಾಡು," ಎಂದರು ನನ್ನ ಗೈಡ್ ಮೇಡಂ. ಕೆಟ್ಟವರಲ್ಲ. ನನ್ನ ಶಿಷ್ಯವೇತನ ಮುಗಿಯಲು ಎರಡೇ ತಿಂಗಳಿತ್ತು. ಅಷ್ಟರಲ್ಲಿ ಥೀಸಿಸ್ ಕೊಟ್ಟರೆ ಒಂದು ಕಾಲೇಜಿನಲ್ಲಿ ಕೆಲಸ ಕಾದಿತ್ತು. ಅದನ್ನು ಕೊಡಿಸಿದವರೂ ಅವರೇ. ನಿಜ ಹೇಳಬೇಕೆಂದರೆ, ಅವರು ಹೇಳುವ ಮೊದಲೇ ಎರಡು ವರ್ಷದಿಂದ ನಾನು ಆ ಗೆರೆಯನ್ನು ಕತ್ತರಿಸುತ್ತಲೇ ಬಂದಿದ್ದೆ. ನೀಟಾಗಿ.

ಅಂದು ಕತ್ತರಿಸುತ್ತಿದ್ದಾಗ ಬಸಣ್ಣ ಬಂದು ಹಿಂದೆ ನಿಂತರು. ಹೋಗಿ ಫೈಲು ತಂದು, ಎರಡು ಒಣ ಜೆಲ್ಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ತಂಗಿ, ಇದು ತಾಜಾ ಸ್ಯಾಂಪಲ್ಲಿಂದು. ಇದು ಅದನ್ನ ತಿಂಗಳ ಇಟ್ಟು ಓಡಿಸಿದ್ದು. ಚೂರಾಗಿದ್ರ ದಿನಾ ಕಳದಂಗ ಹೆಚ್ಚಾಗಬೇಕಿತ್ತಲ್ಲ? ಎಳ್ಳಷ್ಟರ ಹೆಚ್ಚಾಗೈತೇನು?"

ಆಗಿರಲಿಲ್ಲ.

"ಇಷ್ಟೆಲ್ಲಾ ಓದಿ ಕತ್ತರಿ ಹಿಡಿಯೂದ ಕಲ್ತೀರಿ ನೋಡು."

ನನಗೆ ಬಂದ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆಯೇ. ನೇರ ಮೇಡಂ ಕೋಣೆಗೆ ಹೋದೆ.

"ಮೇಡಂ, ನಾನು ಕಟ್ ಮಾಡಲ್ಲ. ಅದೇನು ಅಂತ ನೋಡಿಯೇ ಕೊಡ್ತೀನಿ."

"ಆ ಕಾಲೇಜಿನ ಕೆಲಸ ಹೋಗುತ್ತಮ್ಮ."

"ಹೋಗ್ಲಿ ಮೇಡಂ. ಥೀಸಿಸ್ ಮೇಲಿರೋದು ನನ್ನ ಹೆಸರು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಐದು ವರ್ಷ ಆಯ್ತು. ನಿಂಗೂ ಬಾಯಿದೆ ಅಂತ ಇವತ್ತು ಗೊತ್ತಾಯ್ತು."

ಏಳು ತಿಂಗಳು ಹಿಡಿಯಿತು. ಆ ತೆಳು ಗೆರೆ ಚೂರಲ್ಲ, ಬೇರೆಯದೇ ಜೀನಿನಿಂದ ಬಂದ ಇನ್ನೊಂದು ಪುಟ್ಟ ಪ್ರೋಟೀನು. ನನ್ನದನ್ನು ಒಂಟಿಯಾಗಿ ತಯಾರಿಸಿದರೆ ಟ್ಯೂಬಿನಲ್ಲಿ ಮಜ್ಜಿಗೆಯಂತೆ ಬೆಳ್ಳಗೆ ಒಡೆದು ತಳಕ್ಕೆ ಕೂರುತ್ತಿತ್ತು. ಎರಡನ್ನೂ ಒಟ್ಟಿಗೆ ತಯಾರಿಸಿದ ದಿನ ಟ್ಯೂಬು ತಿಳಿನೀರಿನಂತಿತ್ತು. ಆಚೆ ಬದಿಯ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಅದರೊಳಗಿಂದ ಕಾಣುತ್ತಿದ್ದವು. ನನ್ನ ಚಾಪರೋನ್ ಬೇರೆ ಬೇರೆ ಎರಡು ಸೇರಿದ ಜೋಡಿಯ ಸಾಲಿಗೆ ಸೇರಬೇಕಾದದ್ದು. ಥೀಸಿಸಿನಲ್ಲಿ ಹಾಗೆಯೇ ಸೇರಿಸಿದೆ. ಮೇಡಂ ಸಹಿ ಮಾಡಿದರು. ಆ ಹೊತ್ತಿಗೆ ಕಾಲೇಜಿನ ಕೆಲಸ ಬೇರೆಯವರಿಗೆ ಆಗಿತ್ತು. ಬಸಣ್ಣ ಕೊನೆಯ ಜೆಲ್ಲನ್ನೂ ಒಣಗಿಸಿ, ತಾರೀಖು ಬರೆದು ಫೈಲಿಗೆ ಹಾಕಿದರು.

ಯಾಕೆ ಇಷ್ಟೆಲ್ಲ ಹೇಳಿದೆನೆಂದರೆ, ಅಂದಿನಿಂದ ನಾನು ತಾತ್ಕಾಲಿಕ ಕೆಲಸಗಳಲ್ಲೇ ಇದ್ದೇನೆ. ಈಗಲೂ ಲ್ಯಾಪ್‌ಟಾಪಿನಲ್ಲಿ ತುಂಬಿಯೂ ಕಳುಹಿಸದ ಕೆಲಸದ ಅರ್ಜಿಯೊಂದಿದೆ. ಅದರಲ್ಲಿ ಒಂದು ಪ್ರಶ್ನೆ: ಪಿಎಚ್‌ಡಿ ತಡವಾದದ್ದಕ್ಕೆ ಕಾರಣವೇನು? ಹಿತೈಷಿಗಳ ಸಲಹೆಯಂತೆ ಹಿಂದಿನ ಮೂರು ಅರ್ಜಿಗಳಲ್ಲಿ "ಅನಾರೋಗ್ಯ" ಎಂದು ಬರೆದಿದ್ದೆ. ನಿನ್ನೆ ಇದರಲ್ಲೂ ಅದನ್ನೇ ಬರೆದೆ. ಆ ಏಳು ತಿಂಗಳಲ್ಲಿ ನನಗೆ ಒಂದು ನೆಗಡಿಯೂ ಬಂದಿರಲಿಲ್ಲ.

ನಲ್ಲಿ ಬಿಟ್ಟು, ಕೈ ತೊಳೆದು ಲ್ಯಾಪ್‌ಟಾಪಿನ ಮುಂದೆ ಬಂದು ಕೂತೆ. ಆ ಪದವನ್ನು ಅಳಿಸಿದೆ. "ನನ್ನ ಪ್ರೋಟೀನನ್ನು ತಪ್ಪು ವರ್ಗದಲ್ಲಿಡಲು ಒಪ್ಪಲಿಲ್ಲ. ಸರಿಯಾದದ್ದನ್ನು ಕಂಡುಹಿಡಿಯಲು ಏಳು ತಿಂಗಳು ಬೇಕಾಯಿತು" ಎಂದು ಬರೆದು ಕಳುಹಿಸಿಬಿಟ್ಟೆ.

ಇಂಥವಳು ಬೇಡವೆಂದರೆ ಬೇಡ ಎನ್ನಲಿ. ಬೇಕೆಂದರೆ, ಇಂಥವಳನ್ನೇ ತೆಗೆದುಕೊಳ್ಳಲಿ.